ಪ್ರಸಾದ ನಿಲಯದ ಆದಾಯ ಮತ್ತು ವೆಚ್ಚ: ಭಕ್ತರು ತಿಳಿದಿರಬೇಕಾದ ಸಂಗತಿಗಳು

ಬಡ ಹಾಗೂ ನಿರಾಶ್ರಿತ ವಿದ್ಯಾರ್ಥಿಗಳಿಗೆ ಶುಲ್ಕವಿಲ್ಲದೆ ಅನ್ನ, ವಸತಿಗಳನ್ನು ಒದಗಿಸುವ ವ್ಯವಸ್ಥೆಗೆ ನಮ್ಮ ಮಠಪರಂಪರೆಯಲ್ಲಿ ‘ಉಚಿತ ಪ್ರಸಾದ ನಿಲಯ’ವೆಂದು ಹೆಸರು. ಚಿಕ್ಕಬಳ್ಳಾಪುರ, ಗೌರಿಬಿದನೂರು, ಚಿಂತಾಮಣಿ, ಶಿಡ್ಲಘಟ್ಟ ತಾಲ್ಲೂಕುಗಳ ಭಕ್ತರು ಇಂತಹ ನಿಲಯಗಳಿಗೆ ಮಕ್ಕಳನ್ನು ಸೇರಿಸುವುದೂ ಉಂಟು, ಸುಗ್ಗಿಯ ನಂತರ ರಾಗಿಯ ಮೂಟೆ ಕಳುಹಿಸುವುದೂ ಉಂಟು. ಕೊಟ್ಟದ್ದು ಹೇಗೆ ವಿನಿಯೋಗವಾಯಿತೆಂದು ಕೇಳಲು ಮಾತ್ರ ಹಲವರು ಸಂಕೋಚಪಡುತ್ತಾರೆ. ಹಾಗೆ ಕೇಳುವುದು ಅಪಚಾರವಲ್ಲ, ದಾಸೋಹದ ಭಾಗವೇ ಎಂಬುದು ನಮ್ಮ ನಿಲುವು.

ಹಿನ್ನೆಲೆ

ಈ ವ್ಯವಸ್ಥೆ ಎರಡು ಬಗೆಯ ದಾನದಿಂದ ಬೆಳೆಯಿತು. ಮೊದಲನೆಯದು ದೊಡ್ಡ ದತ್ತಿ. 1906ರಲ್ಲಿ ಲಿಂಗೈಕ್ಯರಾದ ಶಿರಸಂಗಿ ಲಿಂಗರಾಜರು ತಮ್ಮ ಸಂಸ್ಥಾನದ ಆಸ್ತಿಯನ್ನು ಸಮಾಜದ ಮಕ್ಕಳ ವಿದ್ಯಾಭ್ಯಾಸಕ್ಕಾಗಿ ಮೃತ್ಯುಪತ್ರದ ಮೂಲಕ ಮೀಸಲಿಟ್ಟರು. ಎರಡನೆಯದು ಊರೂರಿನ ಭಿಕ್ಷೆ. ತುಮಕೂರಿನ ಸಿದ್ಧಗಂಗಾ ಮಠದ ಡಾ. ಶಿವಕುಮಾರ ಮಹಾಸ್ವಾಮಿಗಳು (1907–2019) ಹಳ್ಳಿಗಳಲ್ಲಿ ಸಂಚರಿಸಿ, ರೈತರು ನೀಡಿದ ಧಾನ್ಯದಿಂದ ಜಾತಿಭೇದವಿಲ್ಲದೆ ಸಾವಿರಾರು ಮಕ್ಕಳನ್ನು ಪೋಷಿಸಿದರು.

ಆದಾಯದ ಮೂಲಗಳು

ಮೊದಲನೆಯದು ಧಾನ್ಯ ಮತ್ತು ತರಕಾರಿ. ರಾಗಿ ವರ್ಷಗಟ್ಟಲೆ ಕೆಡದೆ ಉಳಿಯುತ್ತದೆ. ಚಿಂತಾಮಣಿಯ ಟೊಮೆಟೊ ಹಾಗಲ್ಲ: ಬೆಲೆ ಕುಸಿದಾಗ ಧಾರಾಳವಾಗಿ ಬರುತ್ತದೆ, ಏರಿದಾಗ ನಿಲಯವೇ ಕೊಂಡುಕೊಳ್ಳಬೇಕಾಗುತ್ತದೆ. ಎರಡನೆಯದು ಹುಟ್ಟುಹಬ್ಬ, ವಿವಾಹ, ಪುಣ್ಯಸ್ಮರಣೆಗಳಂದು ಬರುವ ಒಂದು ದಿನದ ದಾಸೋಹಸೇವೆ. ಮೂರನೆಯದು ದತ್ತಿನಿಧಿ, ಇದರ ಅಸಲನ್ನು ಮುಟ್ಟದೆ ಬಡ್ಡಿಯನ್ನಷ್ಟೇ ಬಳಸಲಾಗುತ್ತದೆ. ನಾಲ್ಕನೆಯದು ಸರ್ಕಾರದ ನೆರವು. 2002ರಲ್ಲಿ ಆರಂಭವಾದ ‘ಅಕ್ಷರ ದಾಸೋಹ’ ಯೋಜನೆಯಿಂದ ಮಕ್ಕಳಿಗೆ ಶಾಲೆಯಲ್ಲಿ ಮಧ್ಯಾಹ್ನದ ಊಟ ದೊರೆಯುತ್ತದೆ. ಬೆಳಗಿನ ಉಪಾಹಾರ, ರಾತ್ರಿಯ ಪ್ರಸಾದ ಮತ್ತು ರಜಾದಿನಗಳ ಹೊಣೆ ನಿಲಯದ ಮೇಲೆಯೇ ಉಳಿಯುತ್ತದೆ.

ವೆಚ್ಚದ ಬಾಬುಗಳು

ಪ್ರಸಾದವೆಂದರೆ ಅಕ್ಕಿ, ರಾಗಿ ಮಾತ್ರವಲ್ಲ. ಅಡುಗೆಯವರ ಸಂಬಳ, ಅನಿಲ, ವಿದ್ಯುತ್, ನೀರು, ಔಷಧ, ಸಾಬೂನು, ಹಾಸಿಗೆ, ಶೌಚಾಲಯದ ದುರಸ್ತಿ ಇವೆಲ್ಲವೂ ತಿಂಗಳು ತಿಂಗಳೂ ನಗದನ್ನು ಬೇಡುತ್ತವೆ. ಕೊಠಡಿ ಕಟ್ಟಿಸಿ ಹೆಸರಿನ ಫಲಕ ಹಾಕಿಸಲು ದಾನಿಗಳು ಮುಂದೆ ಬರುತ್ತಾರೆ. ಅದೇ ಕೊಠಡಿಯ ವಿದ್ಯುತ್ ಬಿಲ್ಲಿಗೆ ಬರುವವರು ವಿರಳ. ಹಬ್ಬದ ದಿನಗಳಿಗೆ ಸೇವಾರ್ಥಿಗಳು ಮುಗಿಬೀಳುತ್ತಾರೆ, ಆಷಾಢದ ಒಂದು ಸಾಮಾನ್ಯ ಮಂಗಳವಾರಕ್ಕೆ ಯಾರೂ ಇರುವುದಿಲ್ಲ. ಮಕ್ಕಳ ಹಸಿವಿಗೆ ಪಂಚಾಂಗದ ಗೊಡವೆಯಿಲ್ಲ.

ದತ್ತಿನಿಧಿಗೂ ಮಿತಿಯುಂಟು. ಹತ್ತು ಸಾವಿರ ರೂಪಾಯಿ ದತ್ತಿಗೆ ಶೇ. 6ರಂತೆ ವರ್ಷಕ್ಕೆ ಆರುನೂರು ರೂಪಾಯಿ ಬಡ್ಡಿ ಬರುತ್ತದೆನ್ನೋಣ. ದಿನಸಿಯ ಬೆಲೆ ಇಮ್ಮಡಿಯಾದ ದಿನ, ಅದೇ ಆರುನೂರರಲ್ಲಿ ಉಣ್ಣುವ ಮಕ್ಕಳ ಸಂಖ್ಯೆ ಅರ್ಧಕ್ಕಿಳಿಯುತ್ತದೆ. ಹಿರಿಯರ ಹೆಸರಿನ ದತ್ತಿಗೆ ಆಗಾಗ ಒಂದಿಷ್ಟು ಸೇರಿಸಬೇಕಾದುದು ಇದಕ್ಕಾಗಿಯೇ.

ಕಾನೂನಿನ ನಿಯಮಗಳು

ತೆರಿಗೆ ವಿನಾಯಿತಿ ಪಡೆದ ಧರ್ಮಾರ್ಥ ಸಂಸ್ಥೆಯು ತನ್ನ ವಾರ್ಷಿಕ ಆದಾಯದ ಶೇ. 85ರಷ್ಟನ್ನು ಉದ್ದೇಶಿತ ಕಾರ್ಯಕ್ಕೆ ವಿನಿಯೋಗಿಸಬೇಕು. ಉಳಿಸಿಕೊಳ್ಳುವುದಾದರೆ ಕಾರಣವನ್ನು ತಿಳಿಸಿ ನಿಯಮದಂತೆ ತೆಗೆದಿರಿಸಬೇಕು. ದತ್ತಿನಿಧಿಗೆಂದು ದಾನಿಯು ಬರೆದುಕೊಟ್ಟ ಹಣದ ಲೆಕ್ಕ ಪ್ರತ್ಯೇಕ. ದಾನಕ್ಕೆ ತೆರಿಗೆ ರಿಯಾಯಿತಿ ಬಯಸುವವರು ಎರಡು ಸಾವಿರ ರೂಪಾಯಿಗಿಂತ ಹೆಚ್ಚಿನ ಮೊತ್ತವನ್ನು ನಗದಾಗಿ ಕೊಡಬಾರದು, ಬ್ಯಾಂಕಿನ ಮೂಲಕ ಸಲ್ಲಿಸಬೇಕು. ಧಾನ್ಯರೂಪದ ದಾನಕ್ಕೆ ಈ ರಿಯಾಯಿತಿ ಇಲ್ಲ. ಆದರೂ ರಸೀದಿ ಪಡೆಯುವುದು ಉಚಿತ. ಪೋಷಕರಿಲ್ಲದ, ರಕ್ಷಣೆಯ ಅಗತ್ಯವುಳ್ಳ ಮಕ್ಕಳನ್ನು ಇರಿಸಿಕೊಳ್ಳುವ ಸಂಸ್ಥೆಗಳು 2015ರ ಬಾಲನ್ಯಾಯ ಕಾಯ್ದೆಯಡಿ ನೋಂದಣಿ ಹೊಂದಿರಲೇಬೇಕು.

ಭಕ್ತರಲ್ಲಿ ಅರಿಕೆ

ರಾಗಿ ವರ್ಷಕ್ಕೊಮ್ಮೆ ಕೈಸೇರುವ ಬೆಳೆ. ರೇಷ್ಮೆಗೂಡು, ಹಾಲುಗಳಿಂದ ವರ್ಷವಿಡೀ ಆಗಾಗ ಹಣ ಬರುತ್ತದೆ. ಇವನ್ನು ನೆಚ್ಚಿದ ಕುಟುಂಬಗಳು ತಮ್ಮ ಸಮೀಪದ ಯಾವುದೇ ನಿಲಯಕ್ಕೆ, ‘ಇಂಥದ್ದಕ್ಕೇ’ ಎಂಬ ಕರಾರಿಲ್ಲದೆ, ಪ್ರತಿ ತಿಂಗಳೂ ಕಿಂಚಿತ್ತನ್ನು ಸಲ್ಲಿಸಿದರೆ ಅಡುಗೆಯವರ ಸಂಬಳ ನಿಲ್ಲದು. ಜೊತೆಗೆ ವರ್ಷಕ್ಕೊಮ್ಮೆ ಲೆಕ್ಕಪರಿಶೋಧಕರ ವರದಿಯನ್ನು ಕೇಳಿ ಓದಬೇಕು.

ಮಾರಯ್ಯನವರು ನಿತ್ಯಕ್ಕಿಂತ ಹೆಚ್ಚು ಅಕ್ಕಿಯನ್ನು ಆಯ್ದು ತಂದಾಗ, ಹೆಚ್ಚಿನದನ್ನು ತಂದಲ್ಲಿಗೇ ಸುರಿದು ಬರುವಂತೆ ಆಯ್ದಕ್ಕಿ ಲಕ್ಕಮ್ಮನವರು ಹೇಳಿದ ಪ್ರಸಂಗ ಎಲ್ಲರಿಗೂ ಗೊತ್ತು. ದಾಸೋಹದ ಅಕ್ಕಿಗೂ ಲೆಕ್ಕವುಂಟೆಂದು ಆ ತಾಯಿ ತೋರಿಸಿಕೊಟ್ಟರು. ಕೊಡುವವರಿಗೂ ಪಡೆದು ಬಡಿಸುವ ನಮ್ಮಂಥವರಿಗೂ ಅದೇ ಅಳತೆಗೋಲು.