ಎದೆಯ ಗಂಟು: ಕತ್ತಿಯಿಂದ ಸೂಜಿಯವರೆಗೆ

ಕೃಷ್ಣೆ ತುಂಗಭದ್ರೆಗಳ ನಡುವಣ ಎಡೆದೊರೆ ನಾಡಿನಲ್ಲಿ, ಮಾನ್ವಿ ದೇವದುರ್ಗಗಳ ಕಡೆಯ ಹಳ್ಳಿಗಳಲ್ಲಿ, ಎದೆಯ ಗಂಟನ್ನು ಹೆತ್ತ ತಾಯಿಗೂ ಹೇಳದೆ ಮುಚ್ಚಿಡುವ ಹೆಣ್ಣುಮಕ್ಕಳುಂಟು. ನಾಚಿಕೆಯೊಂದು, ಕತ್ತಿಯ ಭಯವೊಂದು.

ಆ ಭಯಕ್ಕೆ ಹಿಂದೆ ಕಾರಣವೂ ಇದ್ದಿತು. ೧೮೧೧ರಲ್ಲಿ ಆಂಗ್ಲ ಲೇಖಕಿ ಫ್ಯಾನಿ ಬರ್ನಿಯವರ ಸ್ತನವನ್ನು ನೆಪೋಲಿಯನ್ನನ ಸೈನ್ಯದ ವೈದ್ಯ ಲಾರೆ ಅರಿವಳಿಕೆಯಿಲ್ಲದೆಯೇ ಕೊಯ್ದು ತೆಗೆದನು. ಆಕೆ ೧೮೪೦ರವರೆಗೆ ಬದುಕಿದರು. ಅದು ಅರ್ಬುದವೋ ಅಪಾಯವಿಲ್ಲದ ಗಂಟೋ ಎಂಬ ಸಂಶಯ ಇಂದಿಗೂ ಉಳಿದಿದೆ. ಕೊಯ್ಯುವ ಮುನ್ನ ತಿಳಿಯುವ ಉಪಾಯ ಆಗ ಇರಲಿಲ್ಲ.

ಗ್ರಂಥಿ ಬೇರೆ, ಅರ್ಬುದ ಬೇರೆ ಎಂದು ಸುಶ್ರುತಸಂಹಿತೆ ಎಂದೋ ವಿಂಗಡಿಸಿತ್ತು. ಆದರೆ ಕಣ್ಣು ಕೈಗಳ ಪರೀಕ್ಷೆಗೆ ಮಿತಿಯುಂಟು. ೧೯೩೦ರಲ್ಲಿ ನ್ಯೂಯಾರ್ಕಿನ ಮಾರ್ಟಿನ್ ಮತ್ತು ಎಲ್ಲಿಸ್ ಎಂಬವರು ಗಂಟಿನ ಕಣಗಳನ್ನು ಸೂಜಿಯಿಂದ ಹೀರಿ ಪರೀಕ್ಷಿಸುವ ಕ್ರಮವನ್ನು ಪ್ರಕಟಿಸಿದರು. ಮುಂದೆ ಇನ್ನೊಂದು ಹೆಜ್ಜೆ: ಅಲ್ಟ್ರಾಸೌಂಡಿನಲ್ಲಿ ನೋಡುತ್ತ, ಆ ಭಾಗವನ್ನಷ್ಟೇ ಮರಗಟ್ಟಿಸಿ, ಕೆಲವೇ ಮಿಲಿಮೀಟರಿನ ಸೀಳಿನಿಂದ ಚಿಕ್ಕ ಗಂಟನ್ನು ಹೀರುಸೂಜಿಯಿಂದ ತುಣುಕು ತುಣುಕಾಗಿ ತೆಗೆಯುವುದು. ಗಂಟನ್ನು ಅತಿಶೀತದಿಂದ ನಾಶಮಾಡುವ ಕ್ರಮವೂ ಬಂದಿತು.

ನೀರು ತುಂಬಿದ ಗಂಟಾದರೆ ಸೂಜಿಯಿಂದ ಹೀರಿದರೆ ಸಾಕಾಗಬಹುದು. ಹರೆಯದವರ ಫೈಬ್ರೋಅಡಿನೋಮವನ್ನು, ಪರೀಕ್ಷೆಯಿಂದ ದೃಢಪಟ್ಟ ಮೇಲೆ, ಅನೇಕ ವೇಳೆ ಕಾಯ್ದು ನೋಡಿದರೂ ನಡೆಯುತ್ತದೆ.

ಈ ಚಿಕಿತ್ಸೆಗಳೆಲ್ಲವೂ ಎಲ್ಲ ಊರುಗಳಲ್ಲಿ ದೊರೆಯಲಾರವು. ಆದರೆ ರಾಯಚೂರಿನಲ್ಲಿ ೨೦೦೭ರಿಂದ ಸರ್ಕಾರಿ ವೈದ್ಯಕೀಯ ಕಾಲೇಜೇ ಇದೆ. ಗಂಟುಗಳಲ್ಲಿ ಹೆಚ್ಚಿನವು ಅಪಾಯವಿಲ್ಲದವು. ಯಾವುದು ಅಂಥದಲ್ಲವೆಂಬುದು ಪರೀಕ್ಷೆಯಿಂದಲೇ ತಿಳಿಯತಕ್ಕದ್ದು. ಆದಕಾರಣ ತಾಯಂದಿರು ಮಗಳ ಮಾತನ್ನು ಕೇಳಿದೊಡನೆ ವೈದ್ಯರಲ್ಲಿಗೆ ಕರೆದೊಯ್ಯಬೇಕು.