ಮಹಾಮಾರಿ ಮತ್ತು ವಲಸೆ ಸ್ತ್ರೀಯರ ವಿರಾಮ

ತವರನ್ನೋ ಸ್ವದೇಶವನ್ನೋ ತೊರೆದು ಪರಸ್ಥಳದಲ್ಲಿ ನೆಲೆಸಿದ ಸ್ತ್ರೀಯರು, 2020ರ ಕೋವಿಡ್ ನಿರ್ಬಂಧಗಳ ನಡುವೆ ತಮ್ಮ ಬಿಡುವಿಗೆ ಕಂಡುಕೊಂಡ ಅರ್ಥವು ಇಲ್ಲಿನ ವಿಷಯ. ಭಾರತದಲ್ಲಿ ಸ್ತ್ರೀಯರ ವಲಸೆಗೆ ವಿವಾಹವೇ ಪ್ರಧಾನ ಕಾರಣವೆಂದು 2011ರ ಜನಗಣತಿ ತೋರಿಸುವುದರಿಂದ, ಸ್ಕಂದಗಿರಿಯ ಬುಡದ ಕಳವಾರಕ್ಕೆ ಗಡಿಯಾಚೆಯ ತೆಲುಗು ಊರಿನಿಂದ ಸೊಸೆಯಾಗಿ ಬಂದವಳೂ, ಚಿಕ್ಕಬಳ್ಳಾಪುರದಿಂದ ಹೊರಟು ಪತಿಯ ಉದ್ಯೋಗವನ್ನಾಶ್ರಯಿಸಿದ ಎಚ್-4 ವೀಸಾದಲ್ಲಿ ಅಮೆರಿಕ ಸೇರಿದವಳೂ ವಲಸೆಗಾರ್ತಿಯರೇ ಸರಿ.

ಶ್ರದ್ಧೆಯಿಂದ ಬೆಳೆಸಿಕೊಂಡ ಹವ್ಯಾಸವು ಮನುಷ್ಯನಿಗೆ ಉದ್ಯೋಗದಷ್ಟೇ ಗೌರವವನ್ನು ಕೊಡಬಲ್ಲುದೆಂಬುದು ಸಮಾಜಶಾಸ್ತ್ರಜ್ಞ ರಾಬರ್ಟ್ ಸ್ಟೆಬಿನ್ಸ್ 1982ರಲ್ಲಿ ಮಂಡಿಸಿದ ವಿಚಾರದ ಸಾರ. ಆದರೆ ಹವ್ಯಾಸಕ್ಕೆ ಮೊದಲು ಹೊತ್ತು ಬೇಕಷ್ಟೆ. 2019ರ ರಾಷ್ಟ್ರೀಯ ಕಾಲಬಳಕೆ ಸಮೀಕ್ಷೆಯ ಪ್ರಕಾರ ಮನೆಗೆಲಸದಲ್ಲಿ ತೊಡಗುವ ಸ್ತ್ರೀಯರು ಅದಕ್ಕೆ ದಿನಕ್ಕೆ ಸರಾಸರಿ 299 ನಿಮಿಷಗಳನ್ನೂ ಪುರುಷರು 97 ನಿಮಿಷಗಳನ್ನೂ ವ್ಯಯಿಸುತ್ತಿದ್ದರು. ಕಚೇರಿ, ಶಾಲೆಗಳೆರಡೂ ಮನೆಯೊಳಕ್ಕೆ ಬಂದ ಮೇಲೆ ಗೃಹಿಣಿಯ ಪಾಲು ಹಗುರವಾಗುವ ಸಂಭವವೇ ಇರಲಿಲ್ಲ.

ವಿಮಾನಗಳು ನಿಂತುಹೋಗಿ, ಬಾಣಂತನಕ್ಕೆ ಹೋಗಬೇಕಾಗಿದ್ದ ತಾಯಂದಿರು ಊರಿನಲ್ಲೇ ಉಳಿದರು. ಆ ವರ್ಷ ಅಧಿಕ ಆಶ್ವಯುಜ ಕಳೆದು ಅಕ್ಟೋಬರ್ 17ರಂದು ನವರಾತ್ರಿ ಆರಂಭವಾದಾಗ, ಪರದೇಶದ ಮನೆಗಳಲ್ಲಿ ರಟ್ಟಿನ ಪೆಟ್ಟಿಗೆಗಳನ್ನು ಜೋಡಿಸಿ, ಮೇಲೆ ಪಂಚೆ ಹಾಸಿ, ಮದುವೆಯಲ್ಲಿ ತವರಿನವರು ಕೊಟ್ಟ ಪಟ್ಟದ ಗೊಂಬೆಗಳನ್ನು ಕೂರಿಸಿದರೂ, ಗೊಂಬೆ ಬಾಗಿನಕ್ಕೆ ಕೈಯೊಡ್ಡುವ ನೆರೆಮನೆಯ ಮಕ್ಕಳಿಲ್ಲ. ಕ್ಯಾಲಿಫೋರ್ನಿಯದಲ್ಲಿ ಸಂಜೆ ಏಳಕ್ಕೆ ಮಗಳು ಎತ್ತಿದ ಆರತಿಯನ್ನು ಊರಿನ ತಾಯಿ ಮರುದಿನ ಬೆಳಗಿನ ಏಳೂವರೆಗೆ, ಕಾಫಿಯ ಲೋಟ ಹಿಡಿದು, ಮೊಬೈಲಿನಲ್ಲಿ ನೋಡುವಳು. ದನಿ ತಡವಾಗಿ ಮುಟ್ಟುವ ಕಾರಣ ಒಟ್ಟಿಗೆ ಹಾಡಲು ಹೊರಟರೆ ತಾಳ ಕೆಡುತ್ತಿತ್ತು. ಒಬ್ಬಳು ಹೇಳಿ ನಿಲ್ಲಿಸಿ ಮತ್ತೊಬ್ಬಳು ಸೊಲ್ಲೆತ್ತುವ ಸೋಬಾನೆಯ ಹಳೆಯ ಕ್ರಮವಾದರೋ ಈ ಯಂತ್ರಕ್ಕೂ ಒಗ್ಗಿತು. ಕೈಕೆಲಸ ಇಲ್ಲಿಯೂ ಕಡಿಮೆಯದಲ್ಲ. ಆದರೆ ಅದನ್ನು ಯಾರೂ ಆಜ್ಞಾಪಿಸಿರಲಿಲ್ಲವಾದುದರಿಂದ ಅದು ಮಗಳ ಸ್ವಂತದ್ದಾಯಿತು.

ಕೂಲಿಯವರ ಸಂಗತಿ ಬೇರೆ. ಶಿಡ್ಲಘಟ್ಟದ ರೇಷ್ಮೆ ನೂಲು ಬಿಚ್ಚುವ ಘಟಕಗಳಂಥ ಕಡೆ ದಿನಗೂಲಿಗೆ ಹೋಗುವ ಹೆಂಗಸಿಗೆ, ಕೆಲಸ ನಿಂತ ದಿನ ಸಂಬಳವೂ ನಿಲ್ಲುತ್ತದೆ. ಆ ಬಲವಂತದ ಬಿಡುವನ್ನು ವಿರಾಮವೆಂದು ವರ್ಗೀಕರಿಸುವುದು ಪಂಡಿತರ ನಿರ್ದಯತೆಯೇ ಹೌದು. ಹಾಗಿದ್ದರೂ ಚೌಕಾಬಾರದಂಥ ಆಟ ಇವರಿಗೂ ಎಟಕುವಂಥದು: ಜಗಲಿಯ ಮೇಲೆ ಸೀಮೆಸುಣ್ಣದಲ್ಲಿ ಮನೆಗಳನ್ನು ಗೀಚಿ, ಹುಣಸೆಬೀಜದ ಒಂದು ಮಗ್ಗುಲನ್ನು ಬಿಳಿ ಕಾಣುವವರೆಗೆ ಕಲ್ಲಿಗೆ ಉಜ್ಜಿದರೆ ಕವಡೆಯ ಅಗತ್ಯವಿಲ್ಲ. ಈ ಸೀಮೆಯಲ್ಲಿ ಗರದ ಲೆಕ್ಕವನ್ನು ಕನ್ನಡದಲ್ಲಿಯೂ ತೆಲುಗಿನಲ್ಲಿಯೂ ಕೂಗುವುದುಂಟು. ಆಚೆಯೂರಿನಿಂದ ಬಂದ ಸೊಸೆಗೆ ಅದೊಂದು ಅನುಕೂಲ.