ರಿಸೆಟ್ ಟೈಮರ್ (ಗೋ ಭಾಷೆ)

ಗೋ ಪ್ರೋಗ್ರಾಮಿಂಗ್ ಭಾಷೆಯ ಸ್ಟ್ಯಾಂಡರ್ಡ್ ಲೈಬ್ರರಿಯಲ್ಲಿ, ‘ಟೈಮ್’ ಪ್ಯಾಕೇಜಿನೊಳಗೆ ಇರುವ, ಒಂದು ಸಲ ಮಾತ್ರ ಹೊಡೆಯುವ ಟೈಮರ್. ಕೊಟ್ಟ ಅವಧಿ ಮುಗಿದ ಕೂಡಲೇ ಅದು ತನ್ನ ಚಾನೆಲ್‌ಗೆ ಆ ಹೊತ್ತಿನ ಸಮಯವನ್ನು ಹಾಕುತ್ತದೆ. ‘ಸ್ಟಾಪ್’ ಅದನ್ನು ನಿಲ್ಲಿಸುತ್ತದೆ, ‘ರಿಸೆಟ್’ ಹೊಸ ಅವಧಿಗೆ ಮತ್ತೆ ಓಡಿಸುತ್ತದೆ. ಹೇಳುವುದಕ್ಕೆ ಇಷ್ಟೇ. ಆದರೆ 2009ರಲ್ಲಿ ಗೂಗಲ್ ಹೊರತಂದ ಈ ಭಾಷೆಯಲ್ಲಿ, ಅನುಭವಿಗಳೂ ಎಡವಿದ ಜಾಗ ಇದು.

ಕಲಬುರಗಿಯ ಸ್ಟೇಶನ್ ಬಜಾರದಲ್ಲಿ ಒಂದು ಖಾನಾವಳಿಯ ಬಿಲ್ಲಿಂಗ್ ಯಂತ್ರ ಇದೆ ಎಂದುಕೊಳ್ಳಿ. 5 ನಿಮಿಷ ಯಾರೂ ಬಟನ್ ಒತ್ತದಿದ್ದರೆ ಅದು ಲಾಗೌಟ್ ಆಗಬೇಕು. ಒತ್ತಿದಾಗಲೆಲ್ಲ ಟೈಮರ್ ರಿಸೆಟ್ ಆಗಬೇಕು. ಸರಿಯಾಗಿ 5ನೇ ನಿಮಿಷಕ್ಕೆ ಗಿರಾಕಿ ಇನ್ನೆರಡು ಜೋಳದ ರೊಟ್ಟಿ ಕೇಳುತ್ತಾನೆ, ಗಲ್ಲಾದಲ್ಲಿ ಕೂತವರು ಬಟನ್ ಒತ್ತುತ್ತಾರೆ. ಪ್ರೋಗ್ರಾಮ್ ಆ ಬಟನ್ನಿನ ಕೆಲಸದಲ್ಲಿರುವಾಗಲೇ ಟೈಮರ್ ಹೊಡೆದು, ಸಂದೇಶ ಚಾನೆಲ್‌ನಲ್ಲಿ ಬಂದು ಕೂತಿರುತ್ತದೆ. ಗೋದ ಹಳೆಯ ಆವೃತ್ತಿಗಳಲ್ಲಿ, ಆಮೇಲೆ ರಿಸೆಟ್ ಮಾಡಿದರೂ ಆ ಹಳೆಯ ಸಂದೇಶ ಅಳಿಯುತ್ತಿರಲಿಲ್ಲ. ಪ್ರೋಗ್ರಾಮ್ ಮತ್ತೆ ಕಾಯಲು ಬಂದೊಡನೆ ಅದನ್ನೇ ಎತ್ತಿಕೊಂಡು, ಬಿಲ್ಲಿನ ನಡುವೆಯೇ ಲಾಗೌಟ್ ಮಾಡಿಬಿಡುತ್ತಿತ್ತು. ಕಾರಣ, ಚಾನೆಲ್‌ಗೆ ಒಂದು ಸಂದೇಶ ಹಿಡಿಯುವಷ್ಟು ಬಫರ್ ಇತ್ತು.

ಇದಕ್ಕೆ ಅಂದಿನ ಉಪಾಯ ಹೀಗಿತ್ತು: ಮೊದಲು ಸ್ಟಾಪ್ ಕರೆಯಬೇಕು, ಅದು ‘ಫಾಲ್ಸ್’ ಎಂದರೆ ಚಾನೆಲ್ ಬರಿದು ಮಾಡಬೇಕು, ಆಮೇಲೆ ರಿಸೆಟ್. ಆದರೆ ಸಂದೇಶವನ್ನು ಮೊದಲೇ ತೆಗೆದುಕೊಂಡಿದ್ದರೆ ಬರಿದು ಮಾಡಲು ಹೋದ ಪ್ರೋಗ್ರಾಮ್ ಎಂದೂ ಬಾರದ ಸಂದೇಶಕ್ಕೆ ಕಾಯುತ್ತ ಅಲ್ಲೇ ನಿಲ್ಲುತ್ತಿತ್ತು. ಇದನ್ನು ಬರೆದವರ ಅಜಾಗರೂಕತೆ ಎನ್ನುವುದು ಅನ್ಯಾಯ. ದೋಷ ವಿನ್ಯಾಸದಲ್ಲೇ ಇತ್ತು.

2024ರ ಆಗಸ್ಟಿನಲ್ಲಿ ಬಂದ ಗೋ 1.23 ಇದನ್ನು ಸರಿಪಡಿಸಿತು. ಈಗ ಈ ಚಾನೆಲ್ ಬಫರ್ ಇಲ್ಲದ್ದರಂತೆ ವರ್ತಿಸುತ್ತದೆ. ಸ್ಟಾಪ್ ಅಥವಾ ರಿಸೆಟ್ ಮುಗಿದ ಮೇಲೆ ಹಳೆಯ ಸಂದೇಶ ಕೈಗೆ ಬರುವುದೇ ಇಲ್ಲ. ಯಾರೂ ಬಳಸದ ಟೈಮರನ್ನು, ಸ್ಟಾಪ್ ಮಾಡದಿದ್ದರೂ, ಗಾರ್ಬೇಜ್ ಕಲೆಕ್ಟರ್ ತೆಗೆದುಹಾಕುತ್ತದೆ. 1.23ರಲ್ಲಿ ಇದಕ್ಕೆ ಒಂದು ಷರತ್ತುಂಟು: ಮುಖ್ಯ ಪ್ರೋಗ್ರಾಮಿನ ‘ಗೋ.ಮಾಡ್’ ಕಡತದಲ್ಲಿ 1.23.0 ಅಥವಾ ನಂತರದ ಆವೃತ್ತಿ ನಮೂದಾಗಿರಬೇಕು. ಕಂಪೈಲರ್ 1.23 ಆಗಿದ್ದು ಆ ಸಾಲು ಹಳೆಯದೇ ಉಳಿದರೆ ಹಳೆಯ ವರ್ತನೆಯೇ ಮುಂದುವರಿಯುತ್ತದೆ. ಈ ಸಾಲನ್ನು ಮೊದಲು ನೋಡಬೇಕು.

ಚಾನೆಲ್ ಬದಲು ಫಂಕ್ಷನ್ ಓಡಿಸುವ ‘ಆಫ್ಟರ್‌ಫಂಕ್’ ಬಗೆಯ ಟೈಮರಿಗೆ ಈ ಭರವಸೆ ಇಲ್ಲ. ರಿಸೆಟ್ ‘ಫಾಲ್ಸ್’ ಎಂದಾಗ ಹಿಂದಿನ ಫಂಕ್ಷನ್ ಇನ್ನೂ ಓಡುತ್ತಿರಬಹುದು, ಹೊಸದೂ ಅದರ ಜೊತೆಗೇ ಶುರುವಾಗಬಹುದು. ಎರಡೂ ಒಂದೇ ಲೆಕ್ಕವನ್ನು ಮುಟ್ಟುವಂತಿದ್ದರೆ ಬರೆಯುವವರೇ ಲಾಕ್ ಹಾಕಿಕೊಳ್ಳಬೇಕು.